ನನ್ನನ್ನು ದಾನ ಕೊಟ್ಟ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಎಡಗೈ ಕಿರುಬೆರಳಿನಲ್ಲಿ ಒಂದು ಉಗುರಿತ್ತು. ಹಳದಿ ಬಣ್ಣದ್ದು, ಉದ್ದವಾದದ್ದು, ತುದಿಯಲ್ಲಿ ಗೋರೆಯ ಹಾಗೆ ಬಾಗಿದ್ದು. ಆ ಕೈ ಮಣ್ಣು ಮುಟ್ಟುವುದಿಲ್ಲ, ಹಗ್ಗ ಹಿಡಿಯುವುದಿಲ್ಲ, ಭಾರ ಎತ್ತುವುದಿಲ್ಲ ಎಂಬುದು ನೋಡಿದವರಿಗೆಲ್ಲ ತಿಳಿಯಲಿ ಎಂದೇ ಅದನ್ನು ಬೆಳೆಸಿದ್ದ. ನಶ್ಯದ ಡಬ್ಬಿಯೊಳಗೆ ಆ ಉಗುರನ್ನೇ ಅದ್ದುತ್ತಿದ್ದ, ಅದರಲ್ಲೇ ಕಿವಿ ಕೆರೆದುಕೊಳ್ಳುತ್ತಿದ್ದ, ಊಟವಾದ ಮೇಲೆ ಹಲ್ಲಿನ ಸಂದಿಯನ್ನೂ ಅದರಲ್ಲೇ ಕೆದಕುತ್ತಿದ್ದ. ಸ್ನಾನದ ಹೊತ್ತಿನಲ್ಲಿ ದೊಡ್ಡವ್ವ ಸೀಗೆಪುಡಿ ಹಚ್ಚಿ ಅದನ್ನು ಉಜ್ಜಬೇಕಾಗಿತ್ತು. ಒಂದು ಸಲ ಅದರ ತುದಿ ಮುರಿದಾಗ ಅವನು ಆ ದಿನ ಜಗಲಿಗೇ ಬರಲಿಲ್ಲ.

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ದೊಡ್ಡಪ್ಪ ಆ ಊರಿನ ಪಟೇಲ. ಎದುರಿಗೆ ‘ತಾವು’, ‘ಬುದ್ಧಿ’ ಎಂದು ತಲೆಬಾಗುತ್ತಿದ್ದ ಊರು ಅವನು ಬೆನ್ನು ತಿರುಗಿಸಿದೊಡನೆ ಏಕವಚನಕ್ಕೆ ಇಳಿಯುತ್ತಿತ್ತು. ಅವನು ಬದುಕಿರುವಷ್ಟು ಕಾಲ ನಾನೂ ಅವನ ಎದುರಿಗೆ ಬಹುವಚನವನ್ನೇ ಆಡಿದೆ. ಈಗ ಅವನಿಲ್ಲ, ಆದ್ದರಿಂದ ಊರಿನವರ ಹಾಗೆಯೇ ಬರೆಯುತ್ತೇನೆ.

ಅವನಿಗೆ ದಾನಿ ಅನ್ನಿಸಿಕೊಳ್ಳುವ ಹುಚ್ಚಿತ್ತು. ಆದರೆ ಕೈ ಬಿಚ್ಚಿ ಕೊಡುವುದು ಮಾತ್ರ ಅವನಿಂದ ಆಗುತ್ತಿರಲಿಲ್ಲ. ಎರಡನ್ನೂ ಹೊಂದಿಸಿಕೊಳ್ಳಲು ಅವನು ಒಂದು ಉಪಾಯ ಕಂಡುಕೊಂಡಿದ್ದ: ಬೇರೆಯವರದ್ದನ್ನು ಕೊಡುವುದು. ಯುದ್ಧದ ಕಾಲದಲ್ಲಿ ಮನೆಗಿಷ್ಟು ರಾಗಿ ಕೊಡಲೇಬೇಕೆಂದು ಸರ್ಕಾರ ಲೆವಿ ಹಾಕಿದಾಗ ಬಡವರ ಮನೆಯ ಗುಡಾಣಗಳನ್ನು ಬೋರಲು ಹಾಕಿಸಿದ. ತನ್ನ ರಾಗಿ ಹಿತ್ತಲಿನ ನೆಲದೊಳಗಿನ ಹಗೇವಿನಲ್ಲಿ ಭದ್ರವಾಗಿತ್ತು, ಅದರ ಬಾಯಿಯ ಮೇಲೆ ಎಮ್ಮೆ ಕಟ್ಟಿಸಿದ್ದ. ಅಮಲ್ದಾರರ ಮುಂದೆ ನಿಂತು, “ಇದೆಲ್ಲ ನಮ್ಮ ಕಡೆಯಿಂದ” ಎಂದು ಗಾಡಿಗಳನ್ನು ತೋರಿಸಿದ. ದಾನದ ಮಾತು ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದ. “ನಾವು ಕೊಡೋ ವಂಶದೋರು ಕಣಪ್ಪ” ಎನ್ನುತ್ತಿದ್ದ. ಕಣ್ಣು ಬಿಟ್ಟುಕೊಂಡು ಆ ಮಾತು ಹೇಳಿದ್ದನ್ನು ನಾನು ನೋಡಿಲ್ಲ.

ಅದೇ ಯುದ್ಧದಲ್ಲಿ ಯಾರೋ ಬಿಳಿಯ ಅಧಿಕಾರಿ ಸೈನ್ಯಕ್ಕೆ ಜನ ಸೇರಿಸಲು ಬರುತ್ತಾನೆಂದು ಬೆಂಗಳೂರಿನಿಂದ ಮಖಮಲ್ಲಿನ ಕುರ್ಚಿ ತರಿಸಿದ. ಆ ದೊರೆ ಜೀಪಿನಿಂದ ಕೆಳಗಿಳಿಯಲೇ ಇಲ್ಲ. ಕುರ್ಚಿಯನ್ನು ಮುಂದೆ ದೊಡ್ಡಪ್ಪನೂ ಬಳಸಲಿಲ್ಲ, ಬೇರೆ ಯಾರನ್ನೂ ಕೂರಿಸಲಿಲ್ಲ. ಅದರ ಮೇಲೆ ಒಂದು ಹಳೆಯ ಸೀರೆ ಮುಚ್ಚಿ ಅಟ್ಟಕ್ಕೆ ಹಾಕಿಸಿದ. ಸ್ವಾತಂತ್ರ್ಯ ಬಂತು. ಅಲ್ಲಿಯವರೆಗೆ ಖಾದಿಯವರನ್ನು ಕಂಡರೆ ನಾಯಿ ಛೂ ಬಿಡುತ್ತಿದ್ದ ಮನುಷ್ಯ ಒಂದೇ ವಾರದಲ್ಲಿ ಗಾಂಧಿ ಟೋಪಿ ಹಾಕಿಕೊಂಡು ಜಗಲಿಗೆ ಬಂದ. ಟೋಪಿ ಅವನ ತಲೆಗೆ ಚಿಕ್ಕದಾಗಿತ್ತು.

ನಾನು ಅವನ ತಮ್ಮನ ಮಗಳು. ತಾಯಿ ಮೊದಲೇ ಹೋಗಿದ್ದಳು. ಅಪ್ಪ ನನ್ನನ್ನು ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿನವರೆಗೂ ಓದಿಸಿ, ಮದುವೆ ಮಾಡಿ, ತಾನೂ ತೀರಿಕೊಂಡ. ಗಂಡ ವಿಷಮಶೀತ ಜ್ವರದಲ್ಲಿ ಹೋದ. ಅವರ ಮನೆಯವರು ನನ್ನನ್ನು ಗಾಡಿಯಲ್ಲಿ ತಂದು ದೊಡ್ಡಪ್ಪನ ಬಾಗಿಲಲ್ಲಿ ಇಳಿಸಿ, ನೀರು ಕೂಡ ಕುಡಿಯದೆ ಹಿಂದಿರುಗಿದರು. ದೊಡ್ಡಪ್ಪ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದ. “ನೋಡಿ, ನಮ್ಮ ತಮ್ಮನ ಮಗಳು. ಗತಿ ಇಲ್ಲ. ನಾನೇ ಇಟ್ಕೊಂಡಿದೀನಿ.” ನಾನು ಒನಕೆ ಹಿಡಿದು ನಿಂತಲ್ಲಿಗೇ ಅವರನ್ನು ಕರೆತಂದು ತೋರಿಸುತ್ತಿದ್ದ. ಅವನ ಸ್ವಂತ ಮಗಳಿಗೆ ಗಂಡು ನೋಡಲು ಶುರುವಾದ ಮೇಲೆ ಮಾತ್ರ ನನ್ನನ್ನು ತೋರಿಸುವುದು ನಿಂತಿತು. ನೆಂಟರು ಬಂದ ದಿನ ನಾನು ದನದ ಕೊಟ್ಟಿಗೆಯಲ್ಲಿ ಇರಬೇಕಾಗಿತ್ತು.

ಆಗ ನಿಜಾಮನ ಸೀಮೆಯಲ್ಲಿ ಗಲಭೆ ಜೋರಾಗಿತ್ತು. ಊರುಗಳು ಉರಿಯುತ್ತಿವೆ, ಜನ ತುಂಗಭದ್ರೆ ದಾಟಿ ಈಚೆಗೆ ಬರುತ್ತಿದ್ದಾರೆ ಎಂಬ ಸುದ್ದಿ ರೈಲಿನಲ್ಲಿ ನಮ್ಮ ಕಡೆಗೂ ಬರುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ನೂಲಿನ ಅಂಗಡಿ ಇಟ್ಟಿದ್ದ ಒಬ್ಬರು ವ್ಯಾಪಾರಕ್ಕೆಂದು ಹೊಸಪೇಟೆಯ ಕಡೆ ಓಡಾಡುತ್ತಿದ್ದರು. ಹೊಳೆಯ ಆಚೆ ದಡದಲ್ಲಿ, ಗಲಭೆಯ ನಡುವೆಯೇ, ಧಾರವಾಡದ ಕಡೆಯ ಒಬ್ಬ ಹೆಂಗಸು ಧರ್ಮಾರ್ಥ ಆಸ್ಪತ್ರೆ ನಡೆಸುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಸುತ್ತ ಬೇರೆ ವೈದ್ಯರಿಲ್ಲ, ಔಷಧಿ ಸಾಲದು. ಆ ಡಾಕ್ಟರಮ್ಮನನ್ನು ಕರೆಸಿ ಊರಿನಿಂದ ಏನಾದರೂ ಸಹಾಯ ಕೊಡಿಸಬೇಕೆಂದು ಅವರು ನಮ್ಮೂರ ಶಾಲೆಯ ಅಂಗಳದಲ್ಲಿ ಸಭೆ ಇಟ್ಟರು. ಅಧ್ಯಕ್ಷತೆಗೆ ಒಬ್ಬ ದೊಡ್ಡ ಮನುಷ್ಯ ಬೇಕಿತ್ತು. ದೊಡ್ಡಪ್ಪ ಸಿಕ್ಕಿದ.

ಡಾಕ್ಟರಮ್ಮ ಸಣ್ಣ ಆಳು, ನರೆಗೂದಲು, ಹೊಲಿಗೆ ಹಾಕಿದ ಬಿಳಿ ಸೀರೆ. ದೊಡ್ಡಪ್ಪನ ದೀರ್ಘ ಭಾಷಣ ಮುಗಿಯುವವರೆಗೆ ಸುಮ್ಮನೆ ಕೂತಿದ್ದು ಎದ್ದು ನಿಂತರು.

“ನನಗ ಭಾಷಣ ಬರೂದಿಲ್ಲ. ಏನ್ ಬೇಕು ಅದನ್ನಷ್ಟ ಹೇಳ್ತೀನಿ. ಗಾಯ ಕಟ್ಟಾಕ ಅರಿವಿ ಬೇಕು. ಹಳೇದಾದ್ರೂ ನಡೀತದ, ಸ್ವಚ್ಛ ಇರಬೇಕು. ಹೊದಿಯಾಕ ಬೇಕು. ಅದಕ್ಕಿಂತ ಹೆಚ್ಚು, ಕೈ ಬೇಕು. ನಾ ಒಬ್ಬಾಕಿ ಸಾಲವಲ್ಲೆ. ಓದು ಬರಹ ಬರೂವಂಥ ಒಬ್ಬ ಹೆಣ್ಮಗಳನ್ನ ಕೊಡ್ರಿ, ನಾ ಕಲಸ್ತೀನಿ.”

ಬಟ್ಟೆಯ ಮಾತಿಗೆ ನೇಕಾರರ ಹೆಂಗಸರೆಲ್ಲ ತಲೆಯಾಡಿಸಿದರು. ಹೆಣ್ಣುಮಗಳ ಮಾತಿಗೆ ತಮ್ಮ ತಮ್ಮ ಹುಡುಗಿಯರನ್ನು ಹತ್ತಿರಕ್ಕೆ ಎಳೆದುಕೊಂಡರು. ಆಗ ದೊಡ್ಡಪ್ಪ ಮತ್ತೆ ಎದ್ದ. ಕಣ್ಣು ಮುಚ್ಚಿದ.

“ಬಟ್ಟೆ ಯಾರ್ ಬೇಕಾದ್ರೂ ಕೊಡ್ತಾರೆ. ನಾವು ಕೊಡೋ ವಂಶದೋರು. ಈ ಮಹಾತಾಯಿಗೆ ನಮ್ಮ ಮನೆ ಮಗಳನ್ನೇ ಕೊಡ್ತಾ ಇದೀನಿ!”

ಚಪ್ಪಾಳೆ ಬಿತ್ತು. ಹೆಂಗಸರ ಗುಂಪಿನಲ್ಲಿ ನನ್ನ ಪಕ್ಕ ಕೂತಿದ್ದ ದೊಡ್ಡವ್ವ ನನ್ನ ತೋಳು ಹಿಡಿದುಕೊಂಡಳು. “ಅಯ್ಯೋ, ನನ್ನ ಮಗೀನ ಕೊಟ್ಬುಟ್ನಲ್ಲೇ ಈ ಮನುಷ್ಯ” ಎಂದಳು. ಚಪ್ಪಾಳೆ ಇಳಿಯುವವರೆಗೆ ಕಾದು ದೊಡ್ಡಪ್ಪ ಮಾತು ಮುಗಿಸಿದ: “ತೀರ್ಕೊಂಡ ನನ್ನ ತಮ್ಮನ ಮಗಳು.” ದೊಡ್ಡವ್ವ ನಿಟ್ಟುಸಿರು ಬಿಟ್ಟಳು. ಬಿಟ್ಟ ಮರುಕ್ಷಣ ನನ್ನ ಮುಖ ನೋಡಿ ಅಳತೊಡಗಿದಳು. ಆ ನಿಟ್ಟುಸಿರೂ ಆ ಅಳುವೂ ಎರಡೂ ನಿಜವಾದವು. ಅವಳ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ.

ಡಾಕ್ಟರಮ್ಮ ಮಾತ್ರ ಚಪ್ಪಾಳೆ ತಟ್ಟಲಿಲ್ಲ. “ಆ ಹುಡಿಗೀನ್ನ ಕೇಳೀರೇನ್ರಿ?” ಎಂದರು.

“ನಮ್ಮನೇಲಿ ಹೆಣ್ಮಕ್ಕಳನ್ನ ಕೇಳೋ ಪದ್ಧತಿ ಇಲ್ಲ ತಾಯಿ. ನಾವು ಹೇಳಿದ್ದೇ ಆಯ್ತು” ಎಂದ ದೊಡ್ಡಪ್ಪ. ಗಂಡಸರು ಮೆಚ್ಚಿ ನಕ್ಕರು.

ಆ ಸಂಜೆ ಅವನು ಜಗಲಿಯಲ್ಲಿ ಹಾರ ಹಾಕಿಕೊಂಡೇ ಕೂತಿದ್ದ. ನಾನು ಕಂಬದ ಹಿಂದೆ ನಿಂತು, “ನಂಗೆ ಅಲ್ಲಿ ಯಾರೂ ಗೊತ್ತಿಲ್ಲ ದೊಡ್ಡಪ್ಪ” ಎಂದೆ.

“ಇಲ್ಲಿ ಯಾರು ಗೊತ್ತು ನಿಂಗೆ?” ಎಂದ ನಶ್ಯ ಏರಿಸುತ್ತಾ.

ನೋಯಿಸಬೇಕೆಂದು ಹೇಳಿದ್ದಲ್ಲ ಅದು. ನೋಯಿಸಬೇಕಾದರೂ ಎದುರಿಗೆ ಒಂದು ಜೀವ ಇದೆ ಎಂದು ಕಾಣಬೇಕಲ್ಲ. ಅವನಿಗೆ ನಾನು ಹಾಗೆ ಕಂಡೇ ಇರಲಿಲ್ಲ.

ಡಾಕ್ಟರಮ್ಮ ಮರುದಿನವೇ ಆಸ್ಪತ್ರೆಗೆ ಹಿಂದಿರುಗಿದರು. ಅಲ್ಲಿಂದ ಮುಂದೆ ದಾನ ಸಂಗ್ರಹ ನಡೆಯಿತು. ನೇಕಾರರ ಕೇರಿಯಲ್ಲಿ ಹೆಂಗಸರು ಮನೆಮನೆಯಲ್ಲೂ ಹಳೆಯ ಪಂಚೆ, ಸೀರೆಗಳನ್ನು ಸೋಡಾ ಹಾಕಿ ಕುದಿಸಿ, ಬಿಸಿಲಿಗೆ ಒಣಗಿಸಿ, ಪಟ್ಟಿಗಳಾಗಿ ಹರಿದು ಸುತ್ತಿಟ್ಟರು. ನೂಲು ಸಿಗದೆ ಮಗ್ಗಗಳು ಎಷ್ಟೋ ದಿನ ಸುಮ್ಮನಿರುತ್ತಿದ್ದ ಕಾಲ ಅದು. ಆದರೂ ಕೆಲವರು ಹೊಸ ಬಟ್ಟೆಯನ್ನೇ ನೇಯ್ದು ಕೊಟ್ಟರು. ನಮ್ಮ ಮನೆಯಿಂದ ಹೋದದ್ದು ಅಟ್ಟದ ಕಸ. ತೂತು ಬಿದ್ದ ತಾಮ್ರದ ಹಂಡೆ, ಮುಳ್ಳು ಮುರಿದ ಗ್ರಾಮಫೋನು, ಈಗ ಗೋಡೆಯಿಂದ ಇಳಿಸಿದ್ದ ಯಾವುದೋ ದೊರೆಯ ಪಟ, ನುಸಿ ತಿಂದ ಉಣ್ಣೆಯ ಕೋಟು, ಆ ಮಖಮಲ್ಲಿನ ಕುರ್ಚಿ. ಇವೆಲ್ಲದರ ಜೊತೆ ಒಂದು ಕಲ್ಲು. ದೇವನಹಳ್ಳಿಯ ಕಡೆಯ ಕಲ್ಲುಕುಟಿಗರಿಗೆ ಹೇಳಿ ದೊಡ್ಡಪ್ಪ ಅದನ್ನು ಕೊರೆಸಿದ್ದ. ‘ಈ ವಾರ್ಡು ದಾನಶೂರ ಪಟೇಲ’ ಎಂದು ಶುರುವಾಗಿ ಅವನ ಹೆಸರು, ಅವನ ಅಪ್ಪನ ಹೆಸರು, ಊರು, ಹೋಬಳಿ, ತಾಲ್ಲೂಕು, ಕೊನೆಗೆ ‘ಅವರ ಧರ್ಮ’ ಎಂದು ಮುಗಿಯುತ್ತಿತ್ತು. ವಾರ್ಡು ಅಂತ ಒಂದನ್ನು ಅವನು ಕಟ್ಟಿಸಿರಲಿಲ್ಲ, ಕಟ್ಟಿಸುವ ಆಲೋಚನೆಯೂ ಇರಲಿಲ್ಲ. “ಅವ್ರು ಎಲ್ಲಾದ್ರೂ ಒಂದ್ ಗೋಡೆ ಕಟ್ಟೇ ಕಟ್ತಾರೆ. ಅದಕ್ಕೆ ಹಾಕ್ಕೊಳ್ಳಿ” ಎಂದಿದ್ದ.

ಆ ಕಲ್ಲನ್ನು ಸಾಗಿಸಿದ ಕೂಲಿಗಳು ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ಆಡಿದ ಮಾತುಗಳನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ. ಗುಂತಕಲ್ಲಿನಲ್ಲಿ ರೈಲು ಬದಲಾಯಿಸುವಾಗ ಇನ್ನಷ್ಟು ಕೂಲಿಗಳು ತೆಲುಗಿನಲ್ಲಿ ಅದನ್ನೇ ಆಡಿದರು. ದೊಡ್ಡಪ್ಪ ನಮ್ಮ ಜೊತೆ ಬಂದಿದ್ದ. ನಮ್ಮ ಎಂದರೆ ನನ್ನ ಮತ್ತು ಕಲ್ಲಿನ. ದಾರಿಯುದ್ದಕ್ಕೂ ಹೆಚ್ಚು ಸಲ ವಿಚಾರಿಸಿಕೊಂಡದ್ದು ಕಲ್ಲನ್ನೇ. ನೂಲಂಗಡಿಯವರೂ ಬರಬೇಕಿತ್ತು, ಜ್ವರ ಬಂದು ಹೊಸಪೇಟೆಯಲ್ಲೇ ಉಳಿದರು.

ಹೊಸಪೇಟೆಯಿಂದ ಗಾಡಿಯಲ್ಲಿ ಹೊಳೆಯ ದಂಡೆಗೆ ಬಂದೆವು. ಹೊಳೆ ತುಂಬಿ ಹರಿಯುತ್ತಿರಲಿಲ್ಲ, ಆದರೂ ಆಚೆ ದಡ ದೂರವಿತ್ತು. ಅಲ್ಲಿಂದ ಹರಿಗೋಲುಗಳಲ್ಲಿ ಜನ ಬಂದು ಇಳಿಯುತ್ತಿದ್ದರು. ಗಂಟುಗಳು, ಕೋಳಿಗಳು, ಮುದುಕಿಯರು, ತಲೆಯ ಮೇಲೆ ಬೀಸುವ ಕಲ್ಲು ಹೊತ್ತ ಒಬ್ಬ ಗಂಡಸು. ಯಾರೂ ಗಟ್ಟಿಯಾಗಿ ಅಳುತ್ತಿರಲಿಲ್ಲ. ಆಚೆ ದೂರದಲ್ಲಿ ಒಂದು ಕಡೆ ಹೊಗೆ ಏಳುತ್ತಿತ್ತು. ಅದನ್ನು ನೋಡಿದ ಮೇಲೆ ದೊಡ್ಡಪ್ಪ ಗಾಡಿಯಿಂದ ಇಳಿಯುವುದನ್ನು ತಡ ಮಾಡಿದ.

ಅಂಬಿಗ ನಮ್ಮ ಸಾಮಾನು ನೋಡಿ ಕೈಯಾಡಿಸಿದ. “ಆ ಕಡಿಂದ ಬರಾವ್ರು ಅದಾರ, ಈ ಕಡಿಂದ ಹೋಗಾವ್ರು ನೀವ ಮೊದಲ. ಹೊತ್ತು ಇಳೀತು, ಇವತ್ತಿಗೆ ಒಂದ ಸಲ ಒಯ್ತೀನಿ. ಕಲ್ಲಾರ ಏರಸ್ರಿ, ಅರಿವಿ ಗಂಟಾರ ಏರಸ್ರಿ. ಎರಡೂ ಅಂದ್ರ ಹರಗೋಲು ಮುಳುಗ್ತೈತಿ.”

ನಾನು ಹುಟ್ಟಿದ ಮೇಲೆ ಮೊದಲ ಸಲ ದೊಡ್ಡಪ್ಪನಿಗೆ ಎದುರಾಡಿದೆ. “ಬಟ್ಟೆ ಮೊದ್ಲು ಹೋಗ್ಲಿ ದೊಡ್ಡಪ್ಪ. ಅಲ್ಲಿ ಗಾಯ ಆದೋರು ಕಾಯ್ತಿರ್ತಾರೆ.”

“ಬಟ್ಟೆಗೇನು ಅವಸರ? ಕಲ್ಲಿಗೆ ಮುಹೂರ್ತ ಇಡ್ಸಿದೀನಿ, ಇವತ್ತೇ ಆ ದಡ ಮುಟ್ಟಬೇಕು” ಎಂದ.

ಕಲ್ಲನ್ನು ಹರಿಗೋಲಿಗೆ ಏರಿಸಿದಾಗ ಅದರ ಅಂಚು ನೀರಿಗಿಂತ ನಾಲ್ಕೇ ಬೆರಳು ಮೇಲೆ ಉಳಿಯಿತು. ಅದರ ಪಕ್ಕ ನನಗೆ ಕೂರಲು ಹೇಳಿದರು. ದೊಡ್ಡಪ್ಪ ಬರುತ್ತಾನೆಂದು ನಾನು ಜರುಗಿ ಜಾಗ ಬಿಟ್ಟೆ. ಅವನು ದಂಡೆಯ ಮೇಲೆ ನಿಂತೇ ಇದ್ದ.

“ನೀನ್ ಹೋಗಮ್ಮಿ. ನಾನು ಇಲ್ಲಿಂದ್ಲೇ ನೋಡ್ತಿರ್ತೀನಿ.”

ಅಂಬಿಗ ಅವನನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿ, ನೀರಿಗೆ ಉಗುಳಿ, ಹುಟ್ಟು ಹಾಕಿದ. ಹರಿಗೋಲು ಸುತ್ತುತ್ತಾ ಸಾಗಿದಂತೆ ಒಮ್ಮೆ ಹೊಗೆ ಕಾಣುತ್ತಿತ್ತು, ಒಮ್ಮೆ ದೊಡ್ಡಪ್ಪ. ಬಲಗೈ ಎತ್ತಿ ಆಶೀರ್ವಾದ ಮಾಡುತ್ತಾ ನಿಂತಿದ್ದ. ನಾನು ಅವನ ಹೆಸರು ಕೊರೆದ ಕಲ್ಲನ್ನು ತಬ್ಬಿಕೊಂಡು ಕೂತಿದ್ದೆ, ಹಿಡಿದುಕೊಳ್ಳಲು ಬೇರೆ ಏನೂ ಇರಲಿಲ್ಲ. ನಡುಹೊಳೆಯಲ್ಲಿ ನೀರು ಒಳಗೆ ಚಿಮ್ಮಿದಾಗ ಅಂಬಿಗ, “ಅಂಜಬ್ಯಾಡವಾ, ಕಲ್ಲು ಮೊದಲ ಒಗಿಯೂನು, ಆಮ್ಯಾಲ ನೀ” ಎಂದು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ.

ಆಚೆ ದಡದಲ್ಲಿ ಡಾಕ್ಟರಮ್ಮ ಬಟ್ಟೆಗಾಗಿ ಕಾಯುತ್ತಿದ್ದರು. ಕಲ್ಲನ್ನು ನೋಡಿದರು. ಬಗ್ಗಿ ಅದರ ಮೇಲಿದ್ದುದನ್ನು ತಾಲ್ಲೂಕಿನವರೆಗೂ ಗಟ್ಟಿಯಾಗಿ ಓದಿದರು. “ಇದನ್ನ ಹೆಂಗ ಕಟ್ಟೂದು ಗಾಯಕ್ಕ?” ಎಂದರು ಯಾರಿಗೂ ಅಲ್ಲದ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು.

“ನೀ ಯಾಕ ಬಂದಿ ತಂಗಿ?”

“ಕಳ್ಸಿದ್ರು.”

“ಕಳಿಸಿದ್ದು ಇರಲಿ. ನೀ ಇರ್ತಿಯೇನು?”

ಹಾಗೆ ನನ್ನನ್ನು ಯಾರೂ ಕೇಳಿರಲಿಲ್ಲ. “ಗೊತ್ತಿಲ್ಲ” ಎಂದೆ.

“ಹಂಗಾರ ಒಳಗ ಬಾ, ನೀರು ಕಾಸು. ಗೊತ್ತಾದ ಮ್ಯಾಲ ಹೇಳೀಯಂತ.”

ಆಸ್ಪತ್ರೆಯೆಂದರೆ ಒಂದು ಹಳೆಯ ಛತ್ರ, ಅದರ ಪಕ್ಕ ಸೋಗೆ ಹೊದಿಸಿದ ಎರಡು ಉದ್ದನೆಯ ಚಪ್ಪರ. ಮಲಗಿದವರಲ್ಲಿ ಊರು ಸುಟ್ಟು ಓಡಿಬಂದವರಿದ್ದರು, ಸುಡಲು ಹೋಗಿ ಪೆಟ್ಟು ತಿಂದವನೂ ಒಬ್ಬನಿದ್ದ. ಎರಡು ಕಡೆಯವರೂ ಬಂದು ಡಾಕ್ಟರಮ್ಮನನ್ನು ಬೆದರಿಸಿ ಹೋಗುತ್ತಿದ್ದರು. “ಇವನ ಕೈಯಾಗ ನಿನ್ನೆ ಏನಿತ್ತು ಅಂತ ನಾ ಕೇಳೂದಿಲ್ಲ. ಇವತ್ತು ಗಾಯ ಐತಿ” ಎಂದು ಅವರು ಎಲ್ಲರಿಗೂ ಅದೇ ಉತ್ತರ ಕೊಡುತ್ತಿದ್ದರು. ಮೊದಲ ದಿನ ನನಗೆ ಸಿಕ್ಕಿದ್ದು ಒಂದು ಹುಡುಗಿ, ತೊಡೆಯಲ್ಲಿ ಕೊಯ್ದ ಗಾಯ. ಪಟ್ಟಿ ಬಿಚ್ಚುವಾಗ ಡಾಕ್ಟರಮ್ಮ ಗಾಯವನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ನಾನು ತಲೆ ಸುತ್ತಿ ಬೀಳುತ್ತೇನೆಂದು ನನಗೇ ಅನ್ನಿಸಿತ್ತು. ಬೀಳಲಿಲ್ಲ. ನನ್ನ ಕೈ ಅಲುಗಲೂ ಇಲ್ಲ. ಒನಕೆ ಹಿಡಿದು, ಸಗಣಿ ಬಾಚಿ, ಯಾರ ಕಣ್ಣಿಗೂ ಬೀಳದೆ ಬದುಕಿದ್ದ ಕೈ ಅದು. ಅದಕ್ಕೆ ಇದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೆಲವು ವಾರಗಳಾದ ಮೇಲೆ, ಯಾರೂ ಕೇಳದೆಯೇ, “ಇರ್ತೀನಿ” ಎಂದು ಡಾಕ್ಟರಮ್ಮನಿಗೆ ಹೇಳಿದೆ. ಅವರು ಯಾರದೋ ಹೆರಿಗೆ ಮಾಡಿಸುತ್ತಿದ್ದರು. “ಹಿಡಿ ಇದನ್ನ” ಎಂದು ಲಾಟೀನು ಕೊಟ್ಟರು.

ಆಮೇಲಿನ ಹರಿಗೋಲುಗಳಲ್ಲಿ ಬಂದ ದೊಡ್ಡಪ್ಪನ ಉಳಿದ ದಾನಗಳಿಗೂ ಒಂದು ಗತಿ ಕಾಣಿಸಿದೆವು. ಕುರ್ಚಿಯ ಕಾಲು, ಬೆನ್ನುಗಳನ್ನು ಬಿಡಿಸಿ ಮುರಿದ ಮೂಳೆಗಳಿಗೆ ಕಟ್ಟುವ ದಬ್ಬೆ ಮಾಡಿಕೊಂಡೆವು. ಮಖಮಲ್ಲು ಒಂದು ಕೂಸಿನ ಹಾಸಿಗೆಯಾಯಿತು. ಪಟದ ಗಾಜು ಔಷಧಿಯ ಗೂಡಿಗೆ ಹೊಂದಿತು, ಒಳಗಿದ್ದ ದೊರೆ ಒಲೆಗೆ ಹೋದ. ಕೋಟನ್ನು ಏನು ಮಾಡಿದರೂ ಉಪಯೋಗಕ್ಕೆ ಬರಲಿಲ್ಲ. ಹಂಡೆಯ ತೂತನ್ನು ಅಂಬಿಗನೇ ರಾಳ ಮೆತ್ತಿ ಮುಚ್ಚಿಕೊಟ್ಟ. ನೇಕಾರ ಹೆಂಗಸರ ಬಟ್ಟೆಯ ಗಂಟುಗಳು ನಾನು ಬಂದ ಮರುದಿನವೇ ಬಂದಿದ್ದವು. ಬಿಚ್ಚಿದರೆ ಸುರುಳಿಗಳ ನಡುವೆ ಅಲ್ಲಲ್ಲಿ ಚಿಕ್ಕ ಗಂಟುಗಳಲ್ಲಿ ಹುರಿಗಾಳು, ಒಣಕೊಬ್ಬರಿ ಕಟ್ಟಿಟ್ಟಿದ್ದರು. ಯಾರಿಗೆಂದು ಯಾವುದರ ಮೇಲೂ ಬರೆದಿರಲಿಲ್ಲ, ಯಾರು ಕಳಿಸಿದರೆಂದೂ ಇರಲಿಲ್ಲ.

ನೂಲಂಗಡಿಯವರು ಆಮೇಲೂ ಆಗಾಗ ಬಟ್ಟೆ ತರುತ್ತಿದ್ದರು. ಅವರಿಂದಲೇ ಊರಿನ ಸುದ್ದಿ. ದೊಡ್ಡಪ್ಪ ಹಿಂದಿರುಗಿದ ವಾರದಲ್ಲೇ ಇನ್ನೊಂದು ಸಭೆ ಮಾಡಿಸಿ, ಗುಂಡುಗಳು ಹಾರಾಡುವಾಗ ತಾನು ಹೊಳೆ ದಾಟಿದ್ದನ್ನೂ, ಗಾಯಾಳುಗಳ ಕಣ್ಣೀರು ಒರೆಸಿದ್ದನ್ನೂ ವರ್ಣಿಸಿದನಂತೆ. “ಹರಿಗೋಲು ನಡುನೀರಲ್ಲಿ ಮುಳುಗೋದ್ರಲ್ಲಿತ್ತು, ಹುಡುಗಿ ಅಳ್ತಾ ಇದ್ಳು, ನಾನೇ ಧೈರ್ಯ ಹೇಳ್ದೆ” ಎಂದನಂತೆ. ಅದನ್ನು ಹೇಳಿ ನೂಲಂಗಡಿಯವರು ನಕ್ಕರು. ನಾನೂ ನಕ್ಕೆ. ದಡ ಮುಟ್ಟಿದ ಮೇಲೆ ಹೊಳೆಯನ್ನು ನೆನೆದು ನಕ್ಕದ್ದು ಅದೇ ಮೊದಲು.

ಮರುವರ್ಷ ಸೈನ್ಯ ನುಗ್ಗಿ ನಿಜಾಮನ ಆಳ್ವಿಕೆ ಮುಗಿಯಿತು. ಗಲಭೆ ಇಳಿಯಿತು. ಗಾಯಾಳುಗಳು ಮಾತ್ರ ಒಮ್ಮೆಗೇ ಇಳಿಯಲಿಲ್ಲ. ಹೊಳೆ ದಾಟುವುದರಲ್ಲಿ ಯಾವ ಅಪಾಯವೂ ಇಲ್ಲ ಎಂಬುದು ಖಾತ್ರಿಯಾದ ಮೇಲೆ ದೊಡ್ಡಪ್ಪ ಬಂದ. ಜೊತೆಗೆ ಊರಿನ ನಾಲ್ಕು ಗಣ್ಯರು, ಹೊಸಪೇಟೆಯಿಂದ ಕರೆತಂದ ಒಬ್ಬ ಫೋಟೋದವನು. ನನ್ನನ್ನು ನೋಡಿದ. ಸೀರೆಗೆ ಏಪ್ರನ್ ಕಟ್ಟಿಕೊಂಡಿದ್ದ ನನ್ನ ಗುರುತು ಮೊದಲು ಸಿಗಲಿಲ್ಲ. ಸಿಕ್ಕಿದ ಮೇಲೆ ಕೇಳಿದ್ದು: “ಕಲ್ಲೆಲ್ಲಿ?”

ಡಾಕ್ಟರಮ್ಮ ಹಿತ್ತಲಿಗೆ ಕರೆದುಕೊಂಡು ಹೋದರು. ಬಾವಿಯ ಪಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು ರಕ್ತದ ಹಾಸುಬಟ್ಟೆಯನ್ನು ಕಲ್ಲಿನ ಮೇಲೆ ಬಡಿಯುತ್ತಿದ್ದಳು. ಕೊರೆದ ಮಗ್ಗುಲೇ ಮೇಲಿತ್ತು. ಗಣ್ಯರು ಬೇರೆ ಬೇರೆ ದಿಕ್ಕುಗಳನ್ನು ನೋಡತೊಡಗಿದರು. ಬಂದವರು ಯಾರೆಂದು ಆ ಹೆಂಗಸಿಗೆ ತಿಳಿಯದು. ಕಲ್ಲು ನೋಡಲು ಬಂದಿದ್ದಾರೆಂದುಕೊಂಡು ಸಂಕೋಚದಿಂದ ಪಕ್ಕಕ್ಕೆ ಸರಿದು, “ಚಲೋ ಕಲ್ಲೈತ್ರಿ. ಅಕ್ಷರ ಒರಟ ಕೊರದಾರಲ್ರಿ, ಹೊಲಸು ಲಗೂ ಬಿಡ್ತೈತಿ. ಇದನ್ನ ಕೊಟ್ಟ ಪುಣ್ಯಾತ್ಮ ಯಾರೋ ಏನೋ” ಎಂದಳು.

ಅಂಥ ಮೆಚ್ಚುಗೆ ಅವನಿಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಅವಳು ಒಂದಿಷ್ಟೂ ಸುಳ್ಳಿಲ್ಲದೆ, ಮನಸ್ಸು ತುಂಬಿ ಹೇಳಿದ್ದಳು. ಅದನ್ನು ಅವನು ತೆಗೆದುಕೊಳ್ಳಬಹುದಿತ್ತು. ಫೋಟೋದವನಿಗೆ, “ಕಲ್ಲು ಬೇಡ, ಕಟ್ಟಡದ್ದು ತೆಗಿ” ಎಂದ.

ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದ. ಅವನ ಮಗಳು ಮದುವೆಯಾಗಿ ಬಸುರಿಯಾಗಿದ್ದಳು, ಹೆರಿಗೆಗೆ ತವರಿಗೆ ಬಂದಿದ್ದಳು. ನಾನು ಹೆರಿಗೆ ಕಲಿತ ಸುದ್ದಿ ನೂಲಂಗಡಿಯವರಿಂದ ಊರಿಗೆ ಮುಟ್ಟಿತ್ತು. ಊರಿನಲ್ಲಿ ಒಂದು ಹೆರಿಗೆ ಮನೆ ಮಾಡಿಸಿ ಅದಕ್ಕೆ ತನ್ನ ಹೆಸರಿಡುವ ಯೋಚನೆಯೂ ಅವನಿಗೆ ಬಂದಿತ್ತು.

“ಸಾಕು ಬಾ ಇನ್ನ. ಮನೆ ಮಗಳು ನೀನು. ಊರಿನ ಜನಕ್ಕೆ ಮಾಡು.”

“ತಂಗಿ ಹೆರಿಗೆಗೆ ಬಂದು ಹೋಗ್ತೀನಿ ದೊಡ್ಡಪ್ಪ. ಅಲ್ಲೇ ಇರೋಕಾಗಲ್ಲ.”

“ಆಗಲ್ಲ ಅಂದ್ರೇನು? ಕೊಟ್ಟೋನು ನಾನು. ನಾನೇ ಕರೀತಿದೀನಿ.”

“ಅಷ್ಟು ಜನದ ಮುಂದೆ ಕೊಟ್ಬಿಟ್ರಲ್ಲ ದೊಡ್ಡಪ್ಪ. ಈಗ ನಾನು ನಿಮ್ಮೋಳಲ್ಲ” ಎಂದೆ. ಅವನು ಇನ್ನೂ ಏನೋ ಹೇಳುತ್ತಿದ್ದ. ಪಟ್ಟಿ ಬದಲಾಯಿಸುವ ಹೊತ್ತಾಗಿತ್ತು, ನಾನು ಒಳಗೆ ಹೋದೆ. ಹಿಂದೆ ಅವನ ಮಾತು ಮುಗಿಯುವ ಮುಂಚೆ ಕಾಲು ಕೀಳಲು ಆ ಊರಿನಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಎಷ್ಟು ಸುಲಭದ ಕೆಲಸ ಅದು ಎಂದು ಆಶ್ಚರ್ಯವಾಯಿತು.

ಹೇಳಿದ ಹಾಗೆ ತಂಗಿಯ ಹೆರಿಗೆಗೆ ಹೋಗಿ ಬಂದೆ. ಗಂಡುಮಗು. ಮುಂದಿನ ಬೇಸಿಗೆಯಲ್ಲಿ ದೊಡ್ಡವ್ವ ನೂಲಂಗಡಿಯವರ ಕೈಯಲ್ಲಿ ಹೇಳಿ ಕಳಿಸಿದಳು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು, ವಾಸನೆ, ಹತ್ತಿರ ಹೋಗುವವರಿಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕಾಲು ತೆಗೆಯಬೇಕು ಎಂದದ್ದಕ್ಕೆ ಹೆದರಿ ಮನೆಗೆ ಓಡಿಬಂದಿದ್ದ. ಡಾಕ್ಟರಮ್ಮನನ್ನು ಕೇಳಿದೆ. “ಅವ ಹೆಂಥಾವ ಅನ್ನೂದು ಬ್ಯಾರೆ. ಗಾಯ ಐತಲ್ಲ, ಹೋಗು” ಎಂದರು.

ಹೋದೆ. ಆ ಕಾಲನ್ನು ನೋಡಿದೊಡನೆ ಇನ್ನು ಹೆಚ್ಚು ದಿನವಿಲ್ಲ ಎಂದು ತಿಳಿಯಿತು. ಬೆಳಿಗ್ಗೆ ಸಂಜೆ ತೊಳೆದು ಕಟ್ಟುತ್ತಿದ್ದೆ. ಬೇರೆ ಯಾವ ಕಾಲಿಗೆ ಕಟ್ಟಿದರೂ ಹಾಗೆಯೇ ಕಟ್ಟುತ್ತಿದ್ದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನೋಡಲು ಬಂದವರಿಗೆಲ್ಲ ಅವನು ಮಲಗಿದಲ್ಲಿಂದಲೇ ಕಣ್ಣು ಮುಚ್ಚಿ ಹೇಳುತ್ತಿದ್ದ: “ನೋಡಿ, ನಾನೇ ಕಳ್ಸಿದ್ದು ಇವಳನ್ನ ಆಸ್ಪತ್ರೆಗೆ. ನಾನೇ ಹೊಳೆ ದಾಟ್ಸಿದ್ದು.” ಬಂದವರು ಮೂಗಿಗೆ ಬಟ್ಟೆ ಹಿಡಿದುಕೊಂಡು ಹೌದೆನ್ನುತ್ತಿದ್ದರು.

ಒಂದು ಬೆಳಿಗ್ಗೆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಟ್ಟಿ ಬಿಚ್ಚುತ್ತಿದ್ದೆ. ದೊಡ್ಡಪ್ಪ ಕಣ್ಣು ಬಿಟ್ಟುಕೊಂಡೇ ಕೇಳಿದ.

“ಅವತ್ತು ಹೊಳೇಲಿ ಹೆದ್ರಿಕೆ ಆಯ್ತೇನಮ್ಮಿ?”

“ಆಯ್ತು” ಎಂದೆ.

“ನಂಗೂ ಆಯ್ತು. ಅದಕ್ಕೇ ಬರ್ಲಿಲ್ಲ.”

ಅವನ ಬಾಯಿಂದ ಅಂಥ ಮಾತು ಬರಬಹುದೆಂದು ನಾನು ಎಣಿಸಿರಲಿಲ್ಲ. ಏನಾದರೂ ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಹೊರಗೆ ಕೆಮ್ಮು ಕೇಳಿಸಿತು, ಪಕ್ಕದೂರಿನ ಪಟೇಲರು ನೋಡಲು ಬಂದಿದ್ದರು. ದೊಡ್ಡಪ್ಪ ಕಣ್ಣು ಮುಚ್ಚಿದ. “ಬನ್ನಿ ಬನ್ನಿ. ಗುಂಡು ಹಾರ್ತಿತ್ತು ಸ್ವಾಮಿ, ನಾನು ಇವಳ ಕೈ ಹಿಡ್ಕೊಂಡು ಹರಿಗೋಲಲ್ಲಿ…” ಎಂದು ಶುರುಮಾಡಿದ. ನಾನು ಗಂಟು ಬಿಗಿದು ಹೊರಗೆ ಬಂದೆ.

ಆ ರಾತ್ರಿ ಜ್ವರ ಏರಿತು, ಆಮೇಲೆ ಅವನಿಗೆ ಪೂರ್ತಿ ಎಚ್ಚರ ಬರಲಿಲ್ಲ. ಮೂರು ದಿನಕ್ಕೆ ಹೋದ. ದೊಡ್ಡವ್ವ ಅತ್ತಳು, ಮಗಳು ಅತ್ತಳು. ನನಗೆ ಅಳು ಬರಲಿಲ್ಲ.

ತಿಥಿಯ ದಿನ ಸುತ್ತಲಿನ ಊರುಗಳಿಂದ ಜನ ಬಂದಿದ್ದರು. ಊಟವಾದ ಮೇಲೆ ಜಗಲಿಯಲ್ಲಿ ಒಬ್ಬೊಬ್ಬರಾಗಿ ಅವನ ಬಗ್ಗೆ ಮಾತಾಡಿದರು. ರಾಗಿ ಲೆವಿಯಲ್ಲಿ ಗುಡಾಣ ಖಾಲಿ ಮಾಡಿಕೊಂಡವರು ಕೂಡ ದಾನಶೂರ ಎಂದರು. ಕೊನೆಗೆ ಯಾರೋ, “ಆ ಹೆಣ್ಮಗಳೂ ಎರಡು ಮಾತಾಡ್ಲಿ” ಎಂದರು. ಹೆಂಗಸರು ನನ್ನನ್ನು ಮುಂದಕ್ಕೆ ತಳ್ಳಿದರು.

ನಿಂತೆ. ಹಗೇವು, ಕೊಟ್ಟಿಗೆ, ಹೊಳೆ, ಎಲ್ಲವನ್ನೂ ಹೇಳಿಬಿಡಬಹುದಿತ್ತು. ಎಲ್ಲರಿಗೂ ಗೊತ್ತಿದ್ದದ್ದೇ. ದೊಡ್ಡವ್ವ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಿದ್ದಳು.

“ನನ್ನನ್ನ ಆಸ್ಪತ್ರೆಗೆ ಕಳ್ಸಿದೋರು ಇವರೇ” ಎಂದೆ. ಅಷ್ಟು ಹೇಳಿ ಕೂತೆ.

ಜನ ಅದನ್ನು ಹೊಗಳಿಕೆಯೆಂದೇ ತಿಳಿದು ಕಣ್ಣೊರೆಸಿಕೊಂಡರು. ಮರುದಿನ ರೈಲು ಹತ್ತಿದೆ. ಆ ಆಸ್ಪತ್ರೆಯಲ್ಲಿ ನನ್ನ ಆಯುಷ್ಯವೆಲ್ಲ ಕಳೆಯಿತು. ನನಗೆ ಸಿಕ್ಕಿದ ಅನ್ನ, ಹೆಸರು, ನನ್ನನ್ನು ಕಂಡು ಎದ್ದು ಕೂರುವ ಕಾಯಿಲೆಯವರು, ನನ್ನ ಕೈಗೆ ಹುಟ್ಟಿ ಬಿದ್ದ ಮಕ್ಕಳು, ಎಲ್ಲವೂ ಆ ಹೊಳೆಯ ಆಚೆ ಸಿಕ್ಕಿದ್ದು. ನನ್ನನ್ನು ಮನೆಯಿಂದ ಹೊರಗೆ ಹಾಕಲು ಹೊರಟ ಆ ಮನುಷ್ಯ ಎಲ್ಲಿಗೆ ಹಾಕುತ್ತಿದ್ದೇನೆಂದು ತಿರುಗಿ ಕೂಡ ನೋಡಿರಲಿಲ್ಲ. ಅವನನ್ನು ನಾನು ಕ್ಷಮಿಸಿಲ್ಲ. ಆದರೆ ಜಗಲಿಯಲ್ಲಿ ನಿಂತು ನಾನು ಆಡಿದ ಆ ಒಂದು ಮಾತಿನಲ್ಲಿ ಸುಳ್ಳಿರಲಿಲ್ಲ, ಮತ್ತು ಇಷ್ಟು ವರ್ಷಗಳಾದರೂ ನನಗೆ ನುಂಗಲಾಗದೆ ಉಳಿದಿರುವುದು ಅದೇ.